ಭೀಷ್ಮ ವಿಜಯದಲ್ಲಿ ಗೆದ್ದವರು ಯಾರು? ಆಟ ನೋಡುವಾಗ ಪಾತ್ರ ಹಿಡಿಯೋದು ಹೇಗೆ

[ದೃಶ್ಯ: ರಾತ್ರಿ. ಗದ್ದೆಯಲ್ಲಿ ಹಾಕಿದ ರಂಗಸ್ಥಳ. ದೂರದಿಂದ ಚಂಡೆ.]

ಕಾಶಿಯ ರಾಜಕುಮಾರಿ ಅಂಬೆಯ ಕಥೆ ಯಾರಿಗೆ ಗೊತ್ತಿಲ್ಲ? ಹೊನ್ನಾವರ, ಕುಮಟಾ, ಸಿರ್ಸಿ ಕಡೆ ಶಾಲೆ ಹುಡುಗರನ್ನು ಕೇಳಿದರೂ ಹೇಳ್ತಾರೆ. ಭೀಷ್ಮ ರಥದಲ್ಲಿ ಕರೆತಂದ, ಅವಳು ಮೆಚ್ಚಿದ್ದ ರಾಜ ಸಾಲ್ವ ಒಲ್ಲೆ ಅಂದ, ಪರಶುರಾಮ ಯುದ್ಧ ಮಾಡಿದ, ಅಂಬೆ ಬೆಂಕಿ ಹೊಕ್ಕಳು. ನಾಲ್ಕು ಮಾತಿಗೆ ಮುಗೀತು. ಹಾಗಾದರೆ ಯಕ್ಷಗಾನದಲ್ಲಿ, ಇಡೀ ರಾತ್ರಿ ನಡೆಯದ ಕಾಲಮಿತಿ ಆಟದಲ್ಲೇ ಮೂರು ಮೂರೂವರೆ ತಾಸು ಕೂತು ನಾವು ನೋಡೋದು ಏನನ್ನ?

ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡೋಕೆ ಜನ ಮತ್ತೆ ಮತ್ತೆ ಬರ್ತಿದ್ದರು. ಮುಂದೇನಾಗುತ್ತೆ ಅನ್ನೋ ಕುತೂಹಲಕ್ಕೆ ಯಾರೂ ಬರ್ತಿರಲಿಲ್ಲ. ಆಗೋದು ಆಗೇ ಆಗುತ್ತೆ. ಆದರೆ ಈ ಮನುಷ್ಯ ಅಲ್ಲಿಗೆ ಹೇಗೆ ಹೋಗಿ ಮುಟ್ಟಿದ, ನಡುವೆ ತಿರುಗಿ ಬರೋ ದಾರಿ ಎಲ್ಲಿತ್ತು, ಯಾಕೆ ತಿರುಗಲಿಲ್ಲ? ಯಕ್ಷಗಾನದಲ್ಲಿ ಪ್ರಸಂಗದ, ಅಂದರೆ ಆಡೋ ಕಥೆಯ, ನಡೆ ಅಂದರೆ ಇದು. ಇವತ್ತು ಭೀಷ್ಮ ವಿಜಯ ಒಂದನ್ನೇ ಹಿಡಿದು ಇದನ್ನು ನೋಡೋಣ. ಈ ಪ್ರಸಂಗದಲ್ಲಿ ಖಳ ಅಂತ ಬೆರಳು ಮಾಡಿ ತೋರಿಸೋಕೆ ಯಾರೂ ಇಲ್ಲ. ಅದಕ್ಕೇ ಇದನ್ನು ಆರಿಸಿದ್ದು.

[ಪರದೆ ಮೇಲೆ: ಖಾಲಿ ಹಾಳೆ, ಪೆನ್ನು.]

ಆಟಕ್ಕೆ ಹೊರಡೋ ಮೊದಲು ಒಂದು ಹಾಳೆ ತಗೊಳ್ಳಿ. ನಾಲ್ಕು ಹೆಸರು ಬರೀರಿ: ಭೀಷ್ಮ, ಅಂಬೆ, ಸಾಲ್ವ, ಪರಶುರಾಮ. ಗುಣ ಬರೆಯೋಕೆ ಹೋಗಬೇಡಿ. ಶೂರ, ಪತಿವ್ರತೆ, ಕೋಪಿಷ್ಠ ಅಂತ ಬರೆದಿಟ್ಟರೆ ಆಟ ಶುರುವಾಗೋ ಮೊದಲೇ ಪಾತ್ರ ಸತ್ತುಹೋಗುತ್ತೆ. ಬರೆಯಬೇಕಾದ್ದು ಎರಡೇ. ಇವನಿಗೆ ಈಗ ಯಾರಿಂದ ಏನು ಬೇಕು? ಯಾವ ಮಾತಿಗೆ ಇವನು ಕಟ್ಟುಬಿದ್ದಿದ್ದಾನೆ?

ಭೀಷ್ಮನಿಗೆ ಬೇಕಾದ್ದು ತಮ್ಮ ವಿಚಿತ್ರವೀರ್ಯನಿಗೆ ಹೆಂಡತಿ, ವಂಶಕ್ಕೆ ಕುಡಿ. ಕಟ್ಟು, ಅಪ್ಪ ಶಂತನುವಿನ ಮದುವೆಗಾಗಿ ಮಾಡಿದ ಬ್ರಹ್ಮಚರ್ಯದ ಪ್ರತಿಜ್ಞೆ. ಸಾಲ್ವನಿಗೆ ಅಂಬೆ ಬೇಕಿತ್ತು, ಆದರೆ ಕ್ಷತ್ರಿಯನ ಮಾನಕ್ಕೆ ಕಟ್ಟುಬಿದ್ದವನು. ಪರಶುರಾಮನಿಗೆ ತನಗಾಗಿ ಏನೂ ಬೇಕಾಗಿಲ್ಲ. ಶರಣು ಬಂದವಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಅಷ್ಟೇ.

ಈಗ ಅಂಬೆಯ ಹೆಸರಿನ ಮುಂದೆ ನೋಡಿ. ಬೇಕಾದ್ದು ಸಾಲ್ವ. ಕಟ್ಟು? ಆ ಜಾಗ ಖಾಲಿ. ಮೂವರು ಗಂಡಸರೂ ತಮ್ಮ ತಮ್ಮ ಮಾತಿಗೆ ಕಟ್ಟುಬಿದ್ದವರು, ಯಾವ ಪ್ರತಿಜ್ಞೆಯನ್ನೂ ಮಾಡದವಳು ಇವಳೊಬ್ಬಳೇ. ಆಟದ ಕೊನೆಯಲ್ಲಿ ಅವಳೂ ಒಂದು ಪ್ರತಿಜ್ಞೆ ಮಾಡ್ತಾಳೆ. ಇಡೀ ಪ್ರಸಂಗ ಈ ಖಾಲಿ ಜಾಗ ತುಂಬೋ ತನಕದ ಪ್ರಯಾಣ. ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

[ದೃಶ್ಯ: ಕಾಶಿಯ ಸ್ವಯಂವರ. ಭೀಷ್ಮನ ಪ್ರವೇಶ.]

ಸ್ವಯಂವರದಲ್ಲಿ ಕಿವಿಗೆ ಬೀಳಬೇಕಾದ ಶಬ್ದ 'ವೀರ್ಯಶುಲ್ಕ'. ಇಲ್ಲಿ ಹೆಣ್ಣಿಗೆ ಕೊಡೋ ತೆರವೇ ಪರಾಕ್ರಮ. ಗೆದ್ದವನಿಗೆ ಹಕ್ಕು. ಭೀಷ್ಮ ಗೆಲ್ತಾನೆ, ಅಂಬೆ, ಅಂಬಿಕೆ, ಅಂಬಾಲಿಕೆ ಮೂವರನ್ನೂ ರಥಕ್ಕೆ ಏರಿಸ್ತಾನೆ, ಅಡ್ಡ ಬಂದ ಸಾಲ್ವನನ್ನು ಸೋಲಿಸಿ ಕಳಿಸ್ತಾನೆ. ಆದರೆ ಗೆದ್ದವನು ಮದುವೆ ಆಗೋನಲ್ಲ, ಮದುವೆ ಆಗೋನು ಗೆದ್ದವನಲ್ಲ. ಮುಂದಿನ ಎಲ್ಲ ಅನಾಹುತಕ್ಕೂ ಬೀಜ ಇದೇ. ಯುದ್ಧದ ಕುಣಿತದ ಅಬ್ಬರದಲ್ಲಿ ಇದು ಕಣ್ಣು ತಪ್ಪಿ ಹೋಗುತ್ತೆ. ಸಾಲ್ವ ಸೋತು ಮರಳೋ ಹೊತ್ತಿಗೆ ಅಂಬೆ ಪಾತ್ರಧಾರಿ ಏನು ಮಾಡ್ತಿದ್ದಾರೆ ಅಂತ ಒಂದು ಸಲ ರಂಗದ ಅಂಚಿಗೆ ನೋಡಿ. ಒಳ್ಳೆ ಸ್ತ್ರೀವೇಷಧಾರಿ ಅಲ್ಲಿ ಸುಮ್ಮನೆ ನಿಂತಿರೋದಿಲ್ಲ. ವ್ಯಾಸಭಾರತದಲ್ಲಿ ಅಂಬೆ ಆಮೇಲೆ ತನ್ನನ್ನೇ ಬೈದುಕೊಳ್ತಾಳೆ: ಆ ಯುದ್ಧ ನಡೀತಿದ್ದಾಗಲೇ ರಥದಿಂದ ಇಳಿದು ಸಾಲ್ವನ ಕಡೆ ಹೋಗಬೇಕಿತ್ತು ಅಂತ. ಆ ಪಶ್ಚಾತ್ತಾಪದ ಮೂಲ ಈ ಕ್ಷಣದಲ್ಲಿದೆ.

ಹಸ್ತಿನಾವತಿಗೆ ಬಂದ ಮೇಲೆ ಅಂಬೆ ಬಾಯಿಬಿಟ್ಟು ಹೇಳ್ತಾಳೆ, ನನ್ನ ಮನಸ್ಸು ಸಾಲ್ವನಲ್ಲಿದೆ ಅಂತ. ಭೀಷ್ಮ ಒಪ್ಪಿ ಕಳಿಸಿಕೊಡ್ತಾನೆ. ಇಲ್ಲಿ ಅವನದು ತಪ್ಪಿಲ್ಲ, ನ್ಯಾಯವಾಗಿಯೇ ನಡೆದುಕೊಂಡ. ಈ ಪ್ರಸಂಗದಲ್ಲಿ ಹಾನಿ ಆಗೋದೆಲ್ಲ ಸರಿಯಾದ ಕೆಲಸಗಳಿಂದಲೇ.

[ದೃಶ್ಯ: ವೃದ್ಧ ಬ್ರಾಹ್ಮಣ, ಬಾಗಿದ ಬೆನ್ನು, ಕೈಯಲ್ಲಿ ಕೋಲು.]

ದಾರಿಗೆ ಜೊತೆಯಾಗಿ ಮುದುಕ ಬ್ರಾಹ್ಮಣ ಬರ್ತಾನೆ. ಹಾಸ್ಯದ ಪಾತ್ರ. ಬಹಳ ಜನ ಚಾ ಕುಡಿಯೋಕೆ ಏಳೋದು ಇದೇ ಹೊತ್ತಿಗೆ. ಏಳಬೇಡಿ. ಮುದುಕನಿಗೆ ಹಸಿವು, ಕಾಲುನೋವು, ದಾರಿ ದೂರ. ಅವಳಿಗೆ ಅದ್ಯಾವುದೂ ಕಾಣೋದಿಲ್ಲ, ಸಾಲ್ವನ ಊರು ಯಾವಾಗ ಬಂದೀತು ಅನ್ನೋದೊಂದೇ. ಅಂಬೆ ಸಂತೋಷವಾಗಿರೋದನ್ನು ನಾವು ನೋಡೋದು ಇಡೀ ಆಟದಲ್ಲಿ ಇದೊಂದೇ ಕಡೆ. ಇದನ್ನು ತಪ್ಪಿಸಿಕೊಂಡವರಿಗೆ ಮುಂದಿನ ದೃಶ್ಯದಲ್ಲಿ ಅವಳು ಬರೀ ಅಳೋ ಹೆಣ್ಣಾಗಿ ಕಾಣ್ತಾಳೆ.

ಹಾಸ್ಯಗಾರರ ಕಡೆಯಿಂದಲೂ ಇಲ್ಲಿ ಎಡವಟ್ಟಾಗುತ್ತೆ. ಜನ ನಕ್ಕರು ಅಂತ ಊರಿನ ಸುದ್ದಿ, ಪಂಚಾಯ್ತಿ ರಾಜಕೀಯ ಎಲ್ಲ ಎಳೆದು ತಂದು ಅರ್ಧ ತಾಸು ಬೆಳೆಸಿದರೆ, ಸಾಲ್ವನ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಪ್ರೇಕ್ಷಕರ ಮನಸ್ಸು ಇನ್ನೂ ನಗೆಯಲ್ಲೇ ಇರುತ್ತೆ. ಅಂಬೆಯ ಮೊದಲ ಪದ್ಯ ನೀರಲ್ಲಿ ಹೋಮ. ಪದ್ಯ ಹಾಡಿ ಆಟ ನಡೆಸೋ ಅನುಭವಸ್ಥ ಭಾಗವತರು ಇದನ್ನು ಗುರುತಿಸಿ, ಸರಿಯಾದ ಹೊತ್ತಿಗೆ ಪದ್ಯ ಎತ್ತಿ ಮುದುಕನನ್ನು ಕಳಿಸಿಬಿಡ್ತಾರೆ.

ಸಾಲ್ವನನ್ನು ಹೇಡಿ ಅಂತ ನೋಡೋದು ಸುಲಭ. ಆದರೆ ಅವನ ಜಾಗದಲ್ಲಿ ನಿಂತು ನೋಡಿ. ಎಲ್ಲ ರಾಜರ ಎದುರು ಸೋತು ಬಂದವನು. ಅವನನ್ನು ಸೋಲಿಸಿದವನೇ ಈಗ, ತಗೋ, ಅಂತ ಆ ಹೆಣ್ಣನ್ನು ಕಳಿಸಿದ್ದಾನೆ. ಒಪ್ಪಿಕೊಂಡರೆ ಅದು ಮದುವೆಯಲ್ಲ, ಭಿಕ್ಷೆ. ಇವಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಇವಳ ಮುಖ ಕಂಡಾಗೆಲ್ಲ ತನ್ನ ಸೋಲು ಕಾಣುತ್ತೆ. ಈ ನೋವು ಇಟ್ಟುಕೊಂಡು ಸಾಲ್ವ ಕಠಿಣ ಮಾತಾಡಿದರೆ ದೃಶ್ಯ ಏರುತ್ತೆ. ಮೀಸೆ ತಿರುವಿ ಬರೀ ತಿರಸ್ಕಾರ ಮಾಡಿದರೆ ಅಂಬೆ ಇಂಥವನನ್ನು ಯಾಕೆ ಮೆಚ್ಚಿದಳು ಅನ್ನೋದೇ ಪ್ರಶ್ನೆಯಾಗುತ್ತೆ, ಅವಳ ಬೆಲೆಯೂ ಇಳಿಯುತ್ತೆ.

[ದೃಶ್ಯ: ರಂಗಸ್ಥಳದಲ್ಲಿ ಇಬ್ಬರೇ. ಚಂಡೆ ನಿಂತಿದೆ. ಮದ್ದಳೆ ಮಾತ್ರ.]

ಇನ್ನು ಈ ಪ್ರಸಂಗದ ಜೀವಾಳ. ಅಂಬೆ ಮತ್ತೆ ಭೀಷ್ಮನೆದುರು ಬರ್ತಾಳೆ, ಇನ್ನು ನೀನೇ ಮದುವೆಯಾಗು ಅಂತ. ವ್ಯಾಸರಲ್ಲಿ ಈ ಭೇಟಿ ಇಲ್ಲ ಅನ್ನೋದು ನೆನಪಿರಲಿ. ಉದ್ಯೋಗಪರ್ವದಲ್ಲಿ ಸಾಲ್ವನ ಊರಿಂದ ಹೊರಟ ಅಂಬೆ ನೇರ ತಪಸ್ವಿಗಳ ಆಶ್ರಮಕ್ಕೆ ಹೋಗ್ತಾಳೆ. ರಂಗಕ್ಕೆ ಈ ಮುಖಾಮುಖಿ ಬೇಕಿತ್ತು, ಸೇರಿಸಿಕೊಂಡಿತು. ಸಂವಾದ ಹೇಗೆ ನಡೆಯುತ್ತೆ ಅಂತ ತೋರಿಸೋಕೆ ನಾಲ್ಕು ಮಾತನ್ನು ನಾವೇ ಕಟ್ಟಿದ್ದೀವಿ. ಪದ್ಯದ್ದಲ್ಲ, ಮಾದರಿಗೆ ಮಾತ್ರ.

ಭೀಷ್ಮ: ನಾನು ನಿನ್ನನ್ನು ತಂದದ್ದು ನನಗಾಗಿ ಅಲ್ಲ, ತಮ್ಮನಿಗಾಗಿ.
ಅಂಬೆ: ರಥಕ್ಕೆ ಏರಿಸಿದ ಕೈ ತಮ್ಮನದಾಗಿತ್ತೇ?
ಭೀಷ್ಮ: ನನ್ನ ಪ್ರತಿಜ್ಞೆ ಮೂರು ಲೋಕಕ್ಕೂ ತಿಳಿದದ್ದು, ತಾಯಿ.
ಅಂಬೆ: ಹಾಗಿದ್ದರೆ ಸ್ವಯಂವರ ಮಂಟಪದಲ್ಲಿ ಬ್ರಹ್ಮಚಾರಿಗೇನು ಕೆಲಸವಿತ್ತು, ಗಾಂಗೇಯ?

ಮೊದಲ ಮಾತಲ್ಲಿ ಭೀಷ್ಮ ಉದ್ದೇಶ ಹೇಳಿದ. ಅಂಬೆ ಉದ್ದೇಶವನ್ನು ಮುಟ್ಟಲೇ ಇಲ್ಲ, ಕೈಯನ್ನು ಹಿಡಿದಳು. ನಡೆದದ್ದು ಏನು ಅಂತ ಕೇಳಿದಳು. ಅವನಿಗೆ ಉತ್ತರ ಇಲ್ಲ. ಅದಕ್ಕೇ ಮೂರನೇ ಮಾತಲ್ಲಿ ಪ್ರತಿಜ್ಞೆಯ ಹಿಂದೆ ಸರಿದ. ಸರಿಯುವಾಗ ಬಾಯಿಗೆ ಬಂದ ಶಬ್ದ ನೋಡಿ: ತಾಯಿ. ಗೌರವದ ಶಬ್ದವೇ. ಆದರೆ ಹಾಗೆ ಕರೆದು ಅವನು ನಡುವೆ ಒಂದು ಗೋಡೆ ಎಬ್ಬಿಸಿದ. ತಾಯಿ ಅಂದ ಮೇಲೆ ಮದುವೆ ಮಾತೇ ಬರಬಾರದಲ್ಲ? ಅಂಬೆಗೂ ಅದು ಗೊತ್ತಾಯ್ತು. ಅದಕ್ಕೆ ಅವಳು ಭೀಷ್ಮ ಅನ್ನಲಿಲ್ಲ, ಗಾಂಗೇಯ ಅಂದಳು. ಭೀಷ್ಮ ಅನ್ನೋದು ಪ್ರತಿಜ್ಞೆಯಿಂದ ಬಂದ ಹೆಸರು. ಗಾಂಗೇಯ ಹುಟ್ಟಿನಿಂದ ಬಂದದ್ದು. ಪ್ರತಿಜ್ಞೆಯನ್ನು ಸುಲಿದು ಒಳಗಿನ ಮನುಷ್ಯನನ್ನು ಅವಳು ಕರೀತಿದ್ದಾಳೆ.

ಆಟವಾಗಲಿ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ತಾಳಮದ್ದಳೆಯಾಗಲಿ, ಪಾತ್ರ ಹಿಡಿಯೋಕೆ ಇದಕ್ಕಿಂತ ನಂಬಿಗಸ್ತ ಎಳೆ ಇನ್ನೊಂದಿಲ್ಲ. ಯಾರು ಯಾರನ್ನು ಏನಂತ ಕರೆದರು, ಕರೆಯೋ ಹೆಸರು ಯಾವ ಮಾತಿಗೆ ಬದಲಾಯ್ತು. ಅರ್ಥಧಾರಿಗಳು ಅರ್ಥವನ್ನು, ಅಂದರೆ ಪದ್ಯಕ್ಕೆ ಆಡೋ ಮಾತನ್ನು, ಅಲ್ಲೇ ಕಟ್ಟೋದು, ಬಾಯಿಪಾಠ ಅಲ್ಲ. ಹಾಗಾಗಿ ರಾತ್ರಿ ರಾತ್ರಿಗೂ ಇದು ಬದಲು. ಒಬ್ಬರ ಭೀಷ್ಮ ಕೊನೆವರೆಗೂ ರಾಜಕುಮಾರಿ ಅಂತಲೇ ಕರೆಯಬಹುದು. ಆಗ ಅದು ಬೇರೆಯೇ ಭೀಷ್ಮ.

ಈ ದೃಶ್ಯ ಕೆಡೋದು ಎರಡು ರೀತಿ. ಭೀಷ್ಮ ತೀರಾ ಕರಗಿ ಕಣ್ಣೀರಿಟ್ಟರೆ ಅಂಬೆಗೆ ತಲೆ ಚಚ್ಚಿಕೊಳ್ಳೋಕೆ ಬಂಡೆಯೇ ಇಲ್ಲ. ದರ್ಪದಿಂದ ಅಬ್ಬರಿಸಿದರೆ ಅವನು ಖಳನಾಗ್ತಾನೆ, ಪರಶುರಾಮನ ಯುದ್ಧ ಬರೀ ಶಿಕ್ಷೆ ಆಗಿಬಿಡುತ್ತೆ. ತಾನು ಸರಿ ಅಂತ ಗೊತ್ತಿರಬೇಕು, ಅವಳ ಮುಖ ನೋಡೋಕೂ ಆಗಬಾರದು. ಇದನ್ನು ಮಾಡಬಲ್ಲವರು ಯಾವ ಕಾಲಕ್ಕೂ ಕಡಿಮೆಯೇ.

ನೋಡುವವರ ತಪ್ಪೂ ಒಂದಿದೆ. ಮಾತು ಬಂದಾಗ ಕಿವಿ, ಪದ್ಯ ಬಂದಾಗ ಮೊಬೈಲು. ಆದರೆ ಕಥೆಯ ಎಲುಬು ಪದ್ಯದಲ್ಲೇ ಇರೋದು. ಭಾಗವತರು ಹೇಳಿದ ಎರಡು ಸಾಲನ್ನು ಪಾತ್ರಧಾರಿ ಎಷ್ಟು ಹಿಗ್ಗಿಸಿದರು, ಎಲ್ಲಿ ನುಣುಚಿಕೊಂಡರು ಅಂತ ತಿಳಿಯಬೇಕಾದರೆ ಪದ್ಯ ಕೇಳಿಸಿಕೊಂಡಿರಬೇಕು. ಚಂಡೆ ನಿಂತು ಮದ್ದಳೆ ಮಾತ್ರ ಉಳಿದರೆ ಮನಸ್ಸಿನ ಒಳಗಿನದು ಬರುತ್ತೆ ಅಂತ ತಿಳಿದು ತಯಾರಾಗಿ.

[ದೃಶ್ಯ: ಕಾಡು. ಪರಶುರಾಮನ ಪ್ರವೇಶ.]

ಕಾಡಿನ ಭಾಗ ಬೇಗ ಹೇಳಿಬಿಡ್ತೀವಿ. ವ್ಯಾಸರಲ್ಲಿ ಅಂಬೆಗೆ ಸಿಗೋದು ಅವಳ ಅಜ್ಜ, ರಾಜರ್ಷಿ ಹೋತ್ರವಾಹನ. ಪರಶುರಾಮನ ಹತ್ತಿರ ಹೋಗು ಅನ್ನೋನು ಅವನು. ರಂಗದ ಮೇಲೆ ಏಕಲವ್ಯನೂ ಬರೋದುಂಟು, ಅದು ಯಕ್ಷಗಾನದ ಸೇರ್ಪಡೆ. ಕಾಲಮಿತಿ ಆಟದಲ್ಲಿ ಮೊದಲು ಕತ್ತರಿ ಬೀಳೋದು ಇಲ್ಲಿಗೇ. ಹಾಗಾದಾಗ ಪರಶುರಾಮ ಎಲ್ಲಿಂದಲೋ ಉದುರಿದ ಹಾಗೆ ಕಾಣ್ತಾನೆ.

ಕರಾವಳಿಯವರಿಗೆ ಪರಶುರಾಮ ಹೊರಗಿನವನಲ್ಲ. ಗೋಕರ್ಣದ ಸೀಮೆಯಲ್ಲಿ ಸಮುದ್ರ ಹಿಂದೆ ಸರಿಸಿ ನೆಲ ಕೊಟ್ಟವನು ಅಂತಲೇ ಲೆಕ್ಕ. ಅವನು ಕೊಡಲಿ ಬೀಸಿ ಕುಣಿದರಷ್ಟೇ ಸಾಲದು. ಅವನು ಭೀಷ್ಮನಿಗೆ ಬಿಲ್ವಿದ್ಯೆ ಕಲಿಸಿದ ಗುರು. ಮದುವೆಯಾಗು ಅಂತ ಗುರು ಹೇಳಿದರೂ ಶಿಷ್ಯ ಒಪ್ಪೋದಿಲ್ಲ. ಈಗ ಹಾಳೆ ತೆಗೆದು ನೋಡಿ: ಒಬ್ಬನ ಮಾತು ಉಳಿದರೆ ಇನ್ನೊಬ್ಬನ ಮಾತು ಹೋಯ್ತು. ಯುದ್ಧ ತಪ್ಪಿಸೋಕೆ ದಾರಿಯೇ ಇಲ್ಲ. ಕಥೆಯ ಗಂಟು ಅನ್ನೋದು ಇದನ್ನೇ.

ಮಹಾಭಾರತದ ಪ್ರಕಾರ ಯುದ್ಧ ನಡೆದದ್ದು 23 ದಿನ, ಅದೂ ಕುರುಕ್ಷೇತ್ರದಲ್ಲೇ. ಭೀಷ್ಮ ನಿದ್ದೆ ಬರಿಸೋ ಪ್ರಸ್ವಾಪಾಸ್ತ್ರ ಹೂಡೋ ಹೊತ್ತಿಗೆ ನಾರದ, ದೇವತೆಗಳು ತಡೀತಾರೆ. ಪಿತೃಗಳು ಬಂದು ಪರಶುರಾಮನ ಕೈಯಿಂದ ಆಯುಧ ಇಳಿಸ್ತಾರೆ. ಭೀಷ್ಮ ಸೋಲಲಿಲ್ಲ. ಅದಕ್ಕೇ ಪ್ರಸಂಗಕ್ಕೆ ಭೀಷ್ಮ ವಿಜಯ ಅಂತ ಹೆಸರು.

ಆಮೇಲೆ ಪರಶುರಾಮ ಅಂಬೆಗೆ ಹೇಳೋದೇನು ಗೊತ್ತಾ? ನನ್ನ ಕೈಲಾದಷ್ಟು ಮಾಡಿದೆ, ಇನ್ನು ಭೀಷ್ಮನನ್ನೇ ಶರಣು ಹೋಗು ಅಂತ. ವ್ಯಾಸರ ಮಾತಿನ ಭಾವ ಇದು. ಎಲ್ಲ ಬಾಗಿಲು ತಟ್ಟಿ ಬಂದವಳಿಗೆ ಮೊದಲ ಬಾಗಿಲನ್ನೇ ತೋರಿಸಿದ ಹಾಗಾಯ್ತು. ಅವಳ ಸಿಟ್ಟು ಪೂರ್ತಿ ತಿರುಗೋದು ಇಲ್ಲಿ. ಯುದ್ಧದ ಕುಣಿತಕ್ಕೇ ಹೊತ್ತೆಲ್ಲ ಕೊಟ್ಟು, ಬೆಳಗಾಯ್ತು ಅಂತ ಈ ಭಾಗವನ್ನು ಎರಡು ಪದ್ಯಕ್ಕೆ ಮುಗಿಸೋದು ನೋಡಿದರೆ ಹೊಟ್ಟೆ ಉರಿಯುತ್ತೆ.

[ದೃಶ್ಯ: ಅಂಬೆ ಒಬ್ಬಳೇ. ದೊಂದಿ ಬೆಳಕು.]

ಯುದ್ಧ ಮುಗೀತು ಅಂತ ಜನ ಚಾಪೆ ಸುತ್ತಿ, ಚಪ್ಪಲಿ ಹುಡುಕೋಕೆ ಶುರು ಮಾಡೋದು ಈ ಹೊತ್ತಿಗೆ. ಕೂತಿರಿ. ಅಂಬೆ ಈಗ ಯಾರನ್ನೂ ಬೇಡೋದಿಲ್ಲ. ಭೀಷ್ಮನ ಸಾವಿಗೆ ನಾನೇ ಕಾರಣಳಾಗ್ತೀನಿ ಅಂತ ಪ್ರತಿಜ್ಞೆ ಮಾಡಿ ಬೆಂಕಿಗೆ ಹೋಗ್ತಾಳೆ. ಕಿಸೆಯ ಹಾಳೆಯಲ್ಲಿ ಖಾಲಿ ಇದ್ದ ಜಾಗ ತುಂಬಿತು. ಅವಳು ದ್ರುಪದನ ಮನೆಯಲ್ಲಿ ಹುಟ್ಟಿ ಶಿಖಂಡಿಯಾಗಿ ಬರ್ತಾಳೆ. ಅದೇ ಕುರುಕ್ಷೇತ್ರ. ಯುದ್ಧದ 10ನೇ ದಿನ. ಎದುರಿಗೆ ಬಂದವರನ್ನು ಭೀಷ್ಮ ಕಣ್ಣೆತ್ತಿ ನೋಡ್ತಾನೆ, ಬಿಲ್ಲು ಕೆಳಗಿಡ್ತಾನೆ.