ಸಿಮ್ ಬದಲಾಯಿಸಿ, ನೀವೇ ಹೋಗಿ ಬದಲಾಯಿಸಿ

ಕೇಳುಗರಿಗೆ ನಮಸ್ಕಾರ. ಮಂಜೇಶ್ವರ, ಪೈವಳಿಕೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಗಳಲ್ಲಿ ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ರೇಡಿಯೋ ಕೇಳುತ್ತಿರುವ ನಿಮಗೆ ಇವತ್ತು ಒಂದೇ ಮಾತು ಹೇಳಲಿಕ್ಕಿದೆ. ಫೋನಿನೊಳಗಿನ 2ಜಿ ಕಾಲದ ಹಳೆಯ ಸಿಮ್ ಬದಲಾಯಿಸಿ. ನೀವೇ ಕಂಪೆನಿಯ ಕಚೇರಿಗೆ ಹೋಗಿ ಬದಲಾಯಿಸಿ.

ಟವರುಗಳು ಬದಲಾಗಿವೆ. ಜಿಯೋ 2016ರಲ್ಲಿ ಬಂದಾಗಲೇ ಅದರಲ್ಲಿ ಹಳೆಯ ತಲೆಮಾರಿನ 2ಜಿ, 3ಜಿ ಎರಡೂ ಇರಲಿಲ್ಲ, ಇದ್ದದ್ದು 4ಜಿ ಮಾತ್ರ. ಏರ್‌ಟೆಲ್ 2020ರಲ್ಲಿ 3ಜಿ ನಿಲ್ಲಿಸಿತು. ನಮ್ಮ ಹಿರಿಯರು ಕೈಬಿಡದೆ ಇಟ್ಟುಕೊಂಡಿರುವ ಬಿಎಸ್‌ಎನ್‌ಎಲ್ 2025ರ ಸೆಪ್ಟೆಂಬರ್ 27ರಂದು ಸ್ವದೇಶಿ 4ಜಿಗೆ ಬಂತು. ಅಂದು ಲೋಕಾರ್ಪಣೆಯಾದದ್ದು 97,500ಕ್ಕೂ ಹೆಚ್ಚು ಟವರು. ಸಿ-ಡಾಟ್, ತೇಜಸ್, ಟಿಸಿಎಸ್ ಎಂಬ ನಮ್ಮ ಸಂಸ್ಥೆಗಳು ಸೇರಿ ನಮ್ಮ ದೇಶದಲ್ಲೇ ಸಿದ್ಧಪಡಿಸಿದ ವ್ಯವಸ್ಥೆ. ಕಂಬ ಹತ್ತಿ ತಂತಿ ಎಳೆದು ಕೆಲಸ ಕಲಿತ ನನಗೆ ಇದನ್ನು ಹೇಳುವಾಗ ಹೆಮ್ಮೆಯಾಗುತ್ತದೆ.

ಸಿಮ್ ಎಂದರೆ ನಿಮ್ಮ ಗುರುತುಚೀಟಿ. 2ಜಿ ಕಾಲದಲ್ಲಿ ಟವರು ಮಾತ್ರ ಸಿಮ್ಮನ್ನು ‘ನೀನು ಯಾರು’ ಎಂದು ಕೇಳುತ್ತಿತ್ತು. 3ಜಿ ಬಂದ ಮೇಲೆ ಸಿಮ್ಮೂ ಟವರನ್ನು ‘ನೀನು ಯಾರು’ ಎಂದು ತಿರುಗಿ ಕೇಳುತ್ತದೆ. ಹಾಗೆ ಕೇಳಲು ತಿಳಿಯದ ಹಳೆಯ 2ಜಿ ಸಿಮ್ಮನ್ನು 4ಜಿ ಟವರು ಒಳಗೇ ಬಿಡುವುದಿಲ್ಲ. ಫೋನು ಎಷ್ಟು ಸಾವಿರದ್ದಾದರೂ ಅಷ್ಟೇ.

ನನ್ನ ಅತ್ತೆಯ ಕಥೆ ಹೇಳುತ್ತೇನೆ. ಎಣ್ಮಕಜೆಯ ಕಡೆ ಅವರ ಮನೆ, ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡೆ. ಬೆಂಗಳೂರಿನಲ್ಲಿರುವ ಮಗ ಹೊಸ 4ಜಿ ಫೋನ್ ತಂದುಕೊಟ್ಟ. ಆದರೂ ಮಾತಾಡಬೇಕಾದರೆ ಅತ್ತೆ ಗುಡ್ಡೆ ಹತ್ತಿ ಗೇರುಮರದ ಬುಡದಲ್ಲಿ ನಿಲ್ಲಬೇಕು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ನನ್ನನ್ನು ಕಂಡಾಗಲೆಲ್ಲ, ‘ಮಾಣೀ, ಟವರಿಗೆ ಎಂತ ಆಗಿದೆ ನೋಡು’ ಎನ್ನುತ್ತಿದ್ದರು. ಮಗ ಫೋನನ್ನು ಬೈದ, ನೆರೆಯವರು ರಬ್ಬರ್ ಮರಗಳನ್ನು ಬೈದರು. ಒಂದು ದಿನ ಜಗಲಿಯಲ್ಲಿ ಕೂತು ನಾನೇ ಫೋನು ಬಿಚ್ಚಿದೆ. ಒಳಗಿದ್ದದ್ದು 2ಜಿ ಕಾಲದ ದೊಡ್ಡ ಸಿಮ್. ಹೊಸ ಫೋನಿಗೆ ಹಿಡಿಯಲಿ ಎಂದು ಯಾರೋ ಕತ್ತರಿಯಲ್ಲಿ ಕತ್ತರಿಸಿದ್ದರು. ‘ಅತ್ತೆ, ಇದನ್ನು ಬದಲಾಯಿಸಬೇಕು’ ಎಂದೆ. ಅವರು ಫೋನನ್ನು ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಹಿಡಿದುಕೊಂಡರು. ಅದು ಮಾವನ ನಂಬರು. ಮಾವ ತೀರಿಹೋಗಿ ಐದು ವರ್ಷ. ಸಿಮ್ ಕೊಟ್ಟರೆ ನಂಬರೇ ಹೋಗುತ್ತದೆ ಎಂದು ಅವರು ಹೆದರಿದ್ದರು. ಅದಕ್ಕೇ ಯಾರಿಗೂ ಹೇಳದೆ ಗುಡ್ಡೆ ಹತ್ತುತ್ತಿದ್ದರು. ಮಾವನ ಮರಣಪತ್ರ, ಅತ್ತೆಯ ಆಧಾರ್ ಹಿಡಿದುಕೊಂಡು ಕಾಸರಗೋಡಿಗೆ ಎರಡು ಸಲ ಹೋಗಬೇಕಾಯಿತು. ಸಿಮ್ ಅವರ ಹೆಸರಿಗಾಯಿತು, ನಂಬರು ಅದೇ ಉಳಿಯಿತು. ಈಗ ಅಡುಗೆಮನೆಯಿಂದಲೇ ಮಾತಾಡುತ್ತಾರೆ.

ಸಿಮ್ ಬದಲಾದರೂ ನಂಬರು ಬದಲಾಗುವುದಿಲ್ಲ. ದಯವಿಟ್ಟು ಇದನ್ನು ಮನೆಯ ಹಿರಿಯರಿಗೆ ಹೇಳಿ.

ಇನ್ನು ನೀವೇ ಹೋಗಬೇಕು ಎಂದದ್ದು ಯಾಕೆ? ಫೋನ್ ಕಂಪೆನಿಗಳ ಲೆಕ್ಕದಲ್ಲಿ ನಮ್ಮದು ಕೇರಳ ಸರ್ಕಲ್ಲು, ಅಂದರೆ ಕೇರಳ ವಲಯ. ಕಂಪೆನಿಯ ಮೆಸೇಜು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ, ಓದಲಾಗದೆ ಅಳಿಸಿಬಿಡುತ್ತೇವೆ. ಆಮೇಲೆ ಯಾರೋ ಚೆನ್ನಾದ ಕನ್ನಡದಲ್ಲಿ ‘ನಿಮ್ಮ ಸಿಮ್ 4ಜಿ ಮಾಡಿಕೊಡುತ್ತೇವೆ, ಒಟಿಪಿ ಹೇಳಿ’ ಎಂದರೆ, ನಮ್ಮವರೇ ಎಂದು ನಂಬುತ್ತೇವೆ. ಹೇಳಿದಿರೋ, ನಿಮ್ಮ ನಂಬರು ಅವರ ಕೈಯಲ್ಲಿರುವ ಸಿಮ್ಮಿಗೆ ಹೋಗಬಹುದು. ನಿಮ್ಮ ಫೋನಿನಲ್ಲಿ ರೇಂಜ್ ಸತ್ತುಹೋಗುತ್ತದೆ, ಬ್ಯಾಂಕಿನ ಒಟಿಪಿ ಅವರಿಗೆ ಬೀಳುತ್ತದೆ. ಪಕ್ಕದವರ ಫೋನಿಗೆ ರೇಂಜ್ ಇದ್ದು, ಅದೇ ಕಂಪೆನಿಯ ನಿಮ್ಮ ಫೋನಿಗೆ ಮಾತ್ರ ಇಲ್ಲವಾದರೆ ಕಾಯಬೇಡಿ. ಬೇರೆ ಫೋನಿನಿಂದ ಕಂಪೆನಿಗೂ ಬ್ಯಾಂಕಿಗೂ ತಿಳಿಸಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇಸಿಮ್, ಅಂದರೆ ಚೀಟಿಯಿಲ್ಲದೆ ಫೋನಿನೊಳಗೇ ಇರುವ ಸಿಮ್, ಮಾಡಿಕೊಡುತ್ತೇವೆ ಎನ್ನುವವರಿಗೂ ಇದೇ ಉತ್ತರ: ನಾನೇ ಬರುತ್ತೇನೆ.

ಸಮಯ ಆಯಿತೆಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಹೊಸ ಸಿಮ್ ಹಾಕಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಅದು ನಿಮ್ಮ ರಕ್ಷಣೆಗೇ ಮಾಡಿದ ಏರ್ಪಾಡು, ಗಾಬರಿ ಬೇಡ. ಬ್ಯಾಂಕಿನ ಕೆಲಸವಿದ್ದರೆ ಮೊದಲೇ ಮುಗಿಸಿ. ಫೋನಿನಲ್ಲಿ ವೋಲ್ಟಿ, ಅಂದರೆ 4ಜಿಯಲ್ಲೇ ಮಾತಾಡುವ ಸೌಲಭ್ಯ, ಆನ್ ಇದೆಯೇ ನೋಡಿ. ಮತ್ತೆ, ಹಳೆ ಸಿಮ್ಮಿನಲ್ಲೇ ಉಳಿಸಿಟ್ಟ ಹೆಸರು, ನಂಬರುಗಳು ಹೊಸದಕ್ಕೆ ತಾವಾಗಿ ಬರುವುದಿಲ್ಲ. ಹೊರಡುವ ಮೊದಲು ಮಕ್ಕಳ ಹತ್ತಿರ ಹೇಳಿ ಅವನ್ನೆಲ್ಲ ಫೋನಿಗೆ ಹಾಕಿಸಿಕೊಳ್ಳಿ. ನಮಸ್ಕಾರ.