ಮನೆಗೆ ಸೋಂಕು ಬಂದಾಗ ನಾಯಿ, ಬೆಕ್ಕನ್ನು ಯಾರು ನೋಡಿಕೊಳ್ಳಬೇಕು?

ಎಲ್ಲರಿಗೂ ನಮಸ್ಕಾರ.

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಆಗ ಎಷ್ಟೋ ಊರುಗಳಲ್ಲಿ ಸಾಕಿದ ನಾಯಿಗಳನ್ನು ಬೀದಿಗೆ ಬಿಟ್ಟರು. ಹಾಂಗ್‌ಕಾಂಗ್‌ನಲ್ಲಿ ಒಂದು ಪೊಮೆರೇನಿಯನ್ ನಾಯಿಗೆ ಕೊರೋನಾ ಬಂದಿದೆ ಎಂಬ ಸುದ್ದಿ ಎಲ್ಲರ ವಾಟ್ಸಾಪ್‌ಗೂ ಬಂದಿತ್ತು. ಸುದ್ದಿ ಸುಳ್ಳಲ್ಲ. ಆದರೆ ಮೊದಲು ಸೋಂಕು ಬಂದದ್ದು ಆ ನಾಯಿಯ ಯಜಮಾನಿಗೆ, ಅವರಿಂದ ನಾಯಿಗೆ. ಈ ಮಾತನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಪ್ರಾಣಿಯಿಂದ ಮನುಷ್ಯರಿಗೆ ಕೊರೋನಾ ಬಂದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಡೆನ್ಮಾರ್ಕಿನಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಯ ಫಾರಂಗಳಲ್ಲಿ ಬಂತು. 2022ರಲ್ಲಿ ಹಾಂಗ್‌ಕಾಂಗ್‌ನ ಒಂದು ಸಾಕುಪ್ರಾಣಿ ಅಂಗಡಿಯ ಹ್ಯಾಮ್‌ಸ್ಟರ್‌ಗಳಿಂದಲೂ (ಇಲಿಯಂಥ ಪುಟ್ಟ ಪ್ರಾಣಿ) ಬಂತು. ಆದರೆ ನಮ್ಮ ಮನೆಯ ನಾಯಿ, ಬೆಕ್ಕುಗಳ ವಿಷಯದಲ್ಲಿ ಹೆಚ್ಚಾಗಿ ನಾವೇ ಅವಕ್ಕೆ ಅಂಟಿಸಿದ್ದು.

ಹಾಗಾಗಿ ಹುಷಾರಿಲ್ಲದವರು ಅವುಗಳಿಂದ ದೂರ ಇರಬೇಕು. ಅನ್ನ, ನೀರು ಮನೆಯ ಬೇರೆಯವರು ಇಡಲಿ. ಒಬ್ಬರೇ ಇದ್ದರೆ ಮಾಸ್ಕ್ ಹಾಕಿಕೊಂಡು, ಮುಟ್ಟುವ ಮೊದಲು, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಮುದ್ದಾಡುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಸ್ವಲ್ಪ ದಿನ ಬೇಡ. ಕಷ್ಟ, ನನಗೆ ಗೊತ್ತು. ಬಾಗಿಲ ಆಚೆ ಕೂತು ಅದು ಕೆರೆಯುತ್ತಿದ್ದರೆ ಹೊಟ್ಟೆ ಕಿವುಚುತ್ತದೆ. ನಾಯಿಗೆ ಮಾಸ್ಕ್ ಮಾತ್ರ ಕಟ್ಟಬೇಡಿ, ಅದಕ್ಕೆ ಉಸಿರಾಡಲು ತೊಂದರೆ.

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ಆಯಿತು. ವಾಕಿಂಗ್‌ನಿಂದ ಬಂದ ಕೂಡಲೇ ನಾಯಿಯ ಪಾದಕ್ಕೆ ಸ್ಯಾನಿಟೈಸರ್, ಬ್ಲೀಚಿಂಗ್ ನೀರು. ಪಾದ ನೆಕ್ಕಿದರೆ ಅದೆಲ್ಲ ಹೊಟ್ಟೆಗೆ ಹೋಗುತ್ತದೆ. ಮೈಲ್ಡ್ ಶಾಂಪೂ ಹಾಕಿ ತೊಳೆದು ಒರೆಸಿದರೆ ಸಾಕು. ಬೆಕ್ಕಿದ್ದ ಮನೆಯಲ್ಲಿ ಫಿನೈಲ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಹಲವು ಫಿನೈಲ್‌ಗಳಲ್ಲಿರುವ ಫೀನಾಲ್ ಜಾತಿಯ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಅದಕ್ಕೆ ಅಪಾಯ.

ನನ್ನನ್ನು ಈಗಲೂ ಕಾಡುವುದು 2021ರ ಎರಡನೇ ಅಲೆ. ನಮ್ಮ ಬೀದಿಯ ದಂಪತಿ ಇಬ್ಬರನ್ನೂ ಒಂದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ದರು. ಮೂರನೇ ದಿನ ಒಳಗಿನಿಂದ ಬೆಕ್ಕಿನ ಕೂಗು ಕೇಳಿಸಿತು. ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ. ಬೆಕ್ಕು ಉಳಿಯಿತು, ಆದರೆ ಆ ಮೂರು ದಿನ ನಾವೆಲ್ಲ ಅದೇ ಬಾಗಿಲ ಮುಂದೆ ಓಡಾಡಿದ್ದೆವು.

ಆದ್ದರಿಂದ ಈಗಲೇ, ಯಾವ ಸೋಂಕೂ ಇಲ್ಲದಾಗ, ಒಬ್ಬರನ್ನು ಕೇಳಿಟ್ಟುಕೊಳ್ಳಿ. ಸುಮ್ನೆ "ನೋಡ್ಕೋತೀರಾ" ಅಂದರೆ ಸಾಲದು. ಒಂದು ಕೀ ಅವರ ಕೈಗೆ ಕೊಡಿ. ಎರಡು ವಾರಕ್ಕಾಗುವಷ್ಟು ಆಹಾರ, ಔಷಧಿ ತೆಗೆದಿಡಿ. ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಡಾಕ್ಟರ್ ನಂಬರ್ ಏನು, ರೇಬೀಸ್ ಲಸಿಕೆ ಯಾವಾಗ ಹಾಕಿಸಿದ್ದು, ಇಷ್ಟನ್ನೂ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ನಾಯಿಯ ಹೆಸರನ್ನೂ ಬರೆಯಿರಿ. ಹೊಸಬರು ಬಂದು ಹೆಸರು ಹಿಡಿದು ಕರೆದರೆ ಅದು ಹತ್ತಿರ ಬರುತ್ತದೆ.