ಟ್ರೇಲರ್ ಸಂದಿಗೆ ಯಾವ ಸೀಲೆಂಟ್ ಹಾಕೋಣ?

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿರೋ ನಮ್ಮವ್ರಲ್ಲೂ ಗಾಡಿ ಹಿಂದೆ ಟ್ರಾವೆಲ್ ಟ್ರೇಲರ್, ಅಂದ್ರೆ ಒಳಗೇ ಉಳ್ಕೊಳೋ ಚಕ್ರದ ಮನೆ, ಕಟ್ಕೊಂಡು ಊರೂರು ಸುತ್ತೋವ್ರು ಇದಾರೆ. ಕೊರೋನಾ ಟೈಮಲ್ಲಿ ಅಲ್ಲಿನ ಜನ ಹೋಟೆಲ್ಲೂ ಬೇಡ ವಿಮಾನಾನೂ ಬೇಡ ಅಂತ ಇದಕ್ಕೆ ಮುಗಿಬಿದ್ರು, 2021ನೇ ಇಸವಿ ಒಂದರಲ್ಲೇ ಸುಮಾರು 6 ಲಕ್ಷ ಮನೆಗಾಡಿ ಅಂದ್ರೆ ಆರ್‌ವಿ ಫ್ಯಾಕ್ಟರಿಯಿಂದ ಹೊರಗೆ ಬಿದ್ವು, ಹೆಚ್ಚಿನವು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ಆಗಿದ್ದು. ಅವೇ ಗಾಡಿಗಳು ಈಗ ಸೆಕೆಂಡ್ ಹ್ಯಾಂಡಲ್ಲಿ ಸಿಗ್ತಿವೆ, ಸಂದಿ ಬಾಯಿ ಬಿಡೋ ವಯಸ್ಸೂ ಹೆಚ್ಚುಕಮ್ಮಿ ಇದೇ. ಆಮೇಲೆ ಎಲ್ಲರ ಪ್ರಶ್ನೆ ಒಂದೇ, ನೀರು ಒಳಗೆ ಬರದ ಹಾಗೆ ಸಂದಿ ಮುಚ್ಚೋಕೆ ಯಾವ ಸೀಲೆಂಟ್ ಬೆಸ್ಟು ಅಂತ.

ಅದಕ್ಕೆ ಉತ್ತರ ಇಲ್ಲ. ಸಂದಿ ಯಾವ ಮಟೀರಿಯಲ್‌ದು, ಮಟ್ಟಸವಾಗಿದ್ಯಾ ನೆಟ್ಟಗೆ ನಿಂತಿದ್ಯಾ, ಮುಂದೆ ಯಾವತ್ತಾದ್ರೂ ಅದನ್ನ ಬಿಚ್ಚಬೇಕಾಗತ್ತಾ, ಇಷ್ಟು ಹೇಳಿದ್ರೆ ಮಾತ್ರ ಟ್ಯೂಬ್ ಯಾವ್ದು ಅಂತ ಹೇಳಬಹುದು.

ಮೊದಲು ಸಂದಿ ಯಾಕೆ ಬಿಡತ್ತೆ ನೋಡೋಣ. 6 ಮೀಟರ್ ಉದ್ದದ ಒಂದು ಅಲ್ಯೂಮಿನಿಯಂ ತಗಡು 40 ಡಿಗ್ರಿ ಸೆಲ್ಸಿಯಸ್ ಏರುಪೇರಿಗೆ ಐದು ಮಿಲಿಮೀಟರಿಗಿಂತ ಜಾಸ್ತಿನೇ ಹಿಗ್ಗತ್ತೆ, ಕುಗ್ಗತ್ತೆ. ಒಳಗಿರೋ ಮರದ ಫ್ರೇಮು ಅಷ್ಟು ಅಲ್ಲಾಡಲ್ಲ. ಅದರ ಮೇಲೆ ಹೈವೇಲಿ ಗಂಟೆಗಟ್ಲೆ ಕುಲುಕಾಟ ಬೇರೆ. ಅಂದ್ಮೇಲೆ ಗಟ್ಟಿಯಾಗಿ ಕೂತ್ಕೊಳೋದು ನಮಗೆ ಬೇಡ, ಸಂದಿ ಜೊತೆ ಎಳೆದಷ್ಟು ಎಳೆಯೋದು ಬೇಕು.

ಈಗ ರೂಫ್‌ಗೆ ಬನ್ನಿ. ಸುಮಾರು ಟ್ರೇಲರ್‌ಗಳ ಮೇಲೆ ಇಪಿಡಿಎಂ ಅನ್ನೋ ರಬ್ಬರ್ ಶೀಟ್ ಅಥವಾ ಟಿಪಿಓ ಅನ್ನೋ ಪ್ಲಾಸ್ಟಿಕ್ ಜಾತಿಯ ಶೀಟ್ ಇರತ್ತೆ. ಇದಕ್ಕೆ ಎಲ್ಲರೂ ಹಾಕೋದು ಡೈಕೋರ್ ಕಂಪನಿಯ ಸೆಲ್ಫ್ ಲೆವೆಲಿಂಗ್ ಲ್ಯಾಪ್ ಸೀಲೆಂಟ್, 501 ನಂಬರಿಂದು. ಜೋನಿಬೆಲ್ಲದ ಹಾಗೆ ತಾನೇ ಹರಡ್ಕೊಂಡು ಸ್ಕ್ರೂ ತಲೆ, ವೆಂಟಿನ ಅಂಚು ಎಲ್ಲಾ ಮುಚ್ಚಿಬಿಡತ್ತೆ. ಆದ್ರೆ ಅದನ್ನೇ ತಗೊಂಡೋಗಿ ಗೋಡೆಗೆ ಹಾಕಿದ್ರೆ ಬೆಳಗಾಗೋದ್ರೊಳಗೆ ಕಿಟಕಿ ಮೇಲೆಲ್ಲ ಇಳಿದಿರತ್ತೆ. ನಿಂತಿರೋ ಜಾಗಕ್ಕೆ ಅದೇ ಕಂಪನಿಯ ನಾನ್ ಸ್ಯಾಗ್, ಅಂದ್ರೆ ಕೆಳಗೆ ಇಳಿಯದ್ದು, 551. ಎರಡೂ ಟ್ಯೂಬ್ ನೋಡೋಕೆ ಒಂದೇ ತರ, ಅಂಗಡಿಲಿ ನಂಬರ್ ಓದಿ ತಗೊಳ್ಳಿ. ಇನ್ನೊಂದು, ರಬ್ಬರ್ ರೂಫನ್ನ ಪೆಟ್ರೋಲು ಸೀಮೆಎಣ್ಣೆ ಜಾತಿಯ ಯಾವುದರಲ್ಲೂ ಒರೆಸಬೇಡಿ, ಇಪಿಡಿಎಂ ಅದನ್ನ ಕುಡಿದು ಊದ್ಕೊಳತ್ತೆ.

ಸಂದಿ ಮೇಲೆ ಅಂಟಿಸೋ ಇಟರ್ನಾಬಾಂಡ್ ಟೇಪ್ ಬಗ್ಗೆನೂ ಕೇಳ್ತಾರೆ. ಉದ್ದಕ್ಕೆ ನೇರವಾಗಿರೋ ಸಂದಿಗೆ ಒಳ್ಳೇದೇ, ಆದ್ರೆ ಕೆಳಗೆ ಪಸೆ ಇದ್ದಾಗ ಅಂಟಿಸಿದ್ರೆ ಪಸೆನೂ ಒಳಗೇ ಸಿಕ್ಕಾಕೊಳತ್ತೆ, ತೆಗೆಯೋಕೆ ಹೋದ್ರೆ ರಬ್ಬರ್ರೇ ಕಿತ್ತು ಬರತ್ತೆ.

ಗೋಡೆ ಸಂದಿ, ಗಟರ್ ಅಂಚು, ಲೈಟ್‌ಗಳ ಸುತ್ತ ಹಾಕೋಕೆ ಜಿಯೋಸೆಲ್‌ನೋರ ಪ್ರೋಫ್ಲೆಕ್ಸ್ ಆರ್‌ವಿ ಚೆನ್ನಾಗಿದೆ. ಏರ್‌ಸ್ಟ್ರೀಮ್ ತರದ ರಿವಿಟ್ ಹೊಡೆದ ಅಲ್ಯೂಮಿನಿಯಂ ಗಾಡಿ ಇಟ್ಕೊಂಡಿರೋವ್ರು ಸಿಕಾಫ್ಲೆಕ್ಸ್ 221 ಅನ್ನೋ ಪಾಲಿಯುರೆಥೇನನ್ನೂ ಹಾಕ್ತಾರೆ, ಅದು ಗಾಳಿಲಿರೋ ತೇವ ತಗೊಂಡೇ ಗಟ್ಟಿ ಆಗೋದು. ಆದ್ರೆ ಸ್ಟ್ರಾಂಗ್ ಇರಲಿ ಅಂತ ದೋಣಿಗೆ ಹಾಕೋ 3ಎಂ 5200 ಮಾತ್ರ ತರಬೇಡಿ. ಅದು ಸೀಲೆಂಟ್ ಅನ್ನೋದಕ್ಕಿಂತ ಅಂಟು, ನಾಳೆ ಕಿಟಕಿ ಬಿಚ್ಚಬೇಕು ಅಂದ್ರೆ ಗೋಡೆ ಸಮೇತ ಬರತ್ತೆ.

ಸಿಲಿಕೋನ್? ನನ್ನ ಕೇಳಿದ್ರೆ ಟ್ರೇಲರ್ ಹತ್ರಾನೂ ಬಿಟ್ಕೋಬೇಡಿ. ಬಾತ್‌ರೂಮ್ ಟೈಲ್ಸ್‌ಗೆ ಸರಿ. ಹಾಕಿದಾಗ ಫಳಫಳ ಅಂತಿರತ್ತೆ, ಅಂಚು ಎದ್ದ ಮೇಲೆ ಅದರ ಮೇಲೆ ಬೇರೆ ಸೀಲೆಂಟ್ ಅಂಟಲ್ಲ, ಪೇಂಟ್ ನಿಲ್ಲಲ್ಲ, ಹೊಸ ಸಿಲಿಕೋನೂ ಸರಿಯಾಗಿ ಕೂರಲ್ಲ. ಕೆರೆದು ತೆಗೆದ್ರೂ ಕಣ್ಣಿಗೆ ಕಾಣದ ಜಿಡ್ಡು ಉಳಿದಿರತ್ತೆ. ವಿನೆಗರ್ ವಾಸನೆ ಬರೋ ಸಿಲಿಕೋನ್ ಅಂತೂ ಒಣಗೋವಾಗ ಆಸಿಡ್ ಬಿಡತ್ತೆ, ಅಲ್ಯೂಮಿನಿಯಂಗೆ ಅದು ಆಗಿಬರಲ್ಲ. ಹಳೇ ಗಾಡಿ ನೋಡೋಕೆ ಹೋದಾಗ ಸಂದಿಲಿ ರಬ್ಬರ್ ದಾರದ ತರ ಉದ್ದುದ್ದ ಸುಲಿದು ಬಂದ್ರೆ ಹಿಂದಿನ ಓನರ್ ಸಿಲಿಕೋನ್ ಬಳಿದಿದ್ದಾನೆ ಅಂತ್ಲೇ ತಿಳ್ಕೊಂಡು ರೇಟ್ ಕಮ್ಮಿ ಮಾಡ್ಸಿ.

ಇನ್ನ ನಾನು ಒತ್ತಿ ಹೇಳಬೇಕಾದ್ದು ಟ್ಯೂಬ್ ವಿಷಯಾನೇ ಅಲ್ಲ. ಮೂಲೆಲಿ ಮೇಲಿಂದ ಕೆಳಗಿನವರೆಗೂ ಒಂದು ಅಲ್ಯೂಮಿನಿಯಂ ಪಟ್ಟಿ ಇರತ್ತಲ್ಲ, ಅದರ ನಡುವಿನ ಪ್ಲಾಸ್ಟಿಕ್ ಪಟ್ಟಿ ಎಳೆದು ನೋಡಿ, ಸಾಲಾಗಿ ಸ್ಕ್ರೂ ಕಾಣತ್ತೆ. ತುಕ್ಕು ಹಿಡಿದಿದ್ರೆ ನೀರು ಹೋಗ್ತಿದೆ ಅಂತ ಅರ್ಥ, ಆಗ ಮೇಲಿಂದ ಎಷ್ಟು ಗೆರೆ ಎಳೆದ್ರೂ ಅದು ಬರೀ ತೇಪೆ. ನೀರು ತಡೆಯೋದು ಆ ಪಟ್ಟಿ ಕೆಳಗಿರೋ ಬ್ಯುಟೈಲ್ ಟೇಪು, ಅಂದ್ರೆ ಮೆತ್ತನೆ ಅಂಟಂಟು ರಬ್ಬರ್ ಟೇಪು, ಮೇಲಿನ ಸೀಲೆಂಟ್ ಅದಕ್ಕೊಂದು ಕಾವಲು ಅಷ್ಟೇ. ಪಟ್ಟಿ ಬಿಚ್ಚಿ, ಬಿರುಕು ಬಿಟ್ಟಿರೋ ಹಳೇ ಪುಟ್ಟಿಯನ್ನ ಪ್ಲಾಸ್ಟಿಕ್ ಸ್ಕ್ರೇಪರಲ್ಲಿ ಪೂರ್ತಿ ಕೆರೆದು, ಆಲ್ಕೋಹಾಲಲ್ಲಿ ಒರೆಸಿ, ಒಳಗೆ ಮರ ಒದ್ದೆ ಇದ್ರೆ ಒಣಗೋಕೆ ಬಿಟ್ಟು, ಮೆತ್ತಗಾಗಿದ್ರೆ ಆ ತುಂಡು ಬದಲಾಯಿಸಿ, ಆಮೇಲೆ ಹೊಸ ಬ್ಯುಟೈಲ್ ಟೇಪ್ ಇಟ್ಟು ಪಟ್ಟಿ ಕೂರಿಸಿ. ಸ್ಕ್ರೂ ಒಂದೇ ಸಲ ಬಿಗಿಬೇಡಿ, ಟೇಪು ನಿಧಾನಕ್ಕೆ ಹಿಂಡ್ಕೊಂಡು ಅಂಚಿಂದ ಹೊರಗೆ ಬರತ್ತೆ. ಒಂದೆರಡು ದಿನ ಬಿಸಿಲಾದ ಮೇಲೆ ಇನ್ನೊಂದು ಸುತ್ತು ಬಿಗಿದು, ಹೊರಬಂದಿದ್ದನ್ನ ಕತ್ತರಿಸಿ, ಆಮೇಲೆ ಸೀಲೆಂಟ್ ಗೆರೆ. ಬೇಜಾರಿನ ಕೆಲ್ಸ, ನಿಜ.

ಎಲ್ಲಿ ಸೋರ್ತಿದೆ ಅಂತಾನೇ ಗೊತ್ತಾಗದಿದ್ರೆ ಒಂದು ಉಪಾಯ ಇದೆ, ರಿಪೇರಿ ಅಂಗಡಿಯವರು ಗಾಡಿ ಒಳಗೆ ಬ್ಲೋವರ್ ಇಟ್ಟು ಗಾಳಿ ತುಂಬಿ ಹೊರಗಡೆ ಸೋಪ್ ನೀರು ಚಿಮುಕಿಸ್ತಾರೆ, ಗುಳ್ಳೆ ಎದ್ದ ಕಡೆ ತೂತು. ನೀರು ಒಳಗೆ ನುಗ್ಗೋ ಜಾಗ ಒಂದು, ತೊಟ್ಟಿಕ್ಕೋ ಜಾಗ ಇನ್ನೊಂದು ಆಗಿರೋದ್ರಿಂದ ಕಲೆ ಬಿದ್ದಿರೋ ಕಡೆ ಬಳಿಯೋದಕ್ಕಿಂತ ಇದಕ್ಕೆ ದುಡ್ಡು ಕೊಡೋದು ವಾಸಿ.

ಕೊನೆಗೆ ಕಿಟಕಿ. ಫ್ರೇಮಿನ ಕೆಳಗಡೆ ಸಣ್ಣ ಸಣ್ಣ ಕಿಂಡಿ ಇರತ್ತೆ, ಹುರುಪಲ್ಲಿ ಅದನ್ನೂ ಮುಚ್ಚಿಬಿಡಬೇಡಿ, ಒಳಗೆ ಸೇರಿದ ನೀರು ಹೊರಗೆ ಹೋಗೋಕೆ ಇರೋ ದಾರಿ ಅದು. ಟ್ಯೂಬನ್ನ ಬೇಕಾದಷ್ಟೇ ತನ್ನಿ, ತಾರೀಖು ನೋಡ್ಕೊಂಡು ತನ್ನಿ, ಒಮ್ಮೆ ಮೂತಿ ಕತ್ತರಿಸಿದ ಮೇಲೆ ಉಳಿದಿದ್ದು ಒಳಗೇ ಕಲ್ಲಾಗತ್ತೆ. ನಮಸ್ಕಾರ.